ಒಂದು ಹನಿ ನೆತ್ತರಿಗೆ ಮುಗಿಯುವ ಕಾಳಗ!

ಪೇಟೆ ಬೀದಿಯಲ್ಲಿ ನಾಲ್ಕು ಅಂಗಡಿ ದಾಟಿದರೆ ಒಂದು ಕರಾಟೆ ಬೋರ್ಡು. ಬಿಳಿ ಅಂಗಿ, ನಡುವಿಗೆ ಬಣ್ಣದ ಪಟ್ಟಿ, 'ಹಾ, ಹೂ' ಅಂತ ಕೂಗು. ಹುಡುಗರು ಕಲಿಯಲಿ, ತಪ್ಪೇನಿಲ್ಲ. ಆದರೆ ಅವರನ್ನೇ ನಿಲ್ಲಿಸಿ 'ವಜ್ರಮುಷ್ಟಿ ಅಂದ್ರೆ ಏನಪ್ಪಾ?' ಎಂದು ಕೇಳಿ ನೋಡಿ. ಪಿಳಿಪಿಳಿ ಕಣ್ಣು ಬಿಡುತ್ತಾರೆ!

ಒಂದೊಂದು ಸೀಮೆಗೆ ಒಂದೊಂದು ಪಟ್ಟು. ಕರಾಟೆ ಹುಟ್ಟಿದ್ದು ಒಕಿನಾವಾ ದ್ವೀಪದಲ್ಲಿ. ಫುನಾಕೋಶಿ ಎಂಬ ಶಾಲಾ ಮೇಷ್ಟ್ರು 1922ರಲ್ಲಿ ಅದನ್ನು ಟೋಕಿಯೋದಲ್ಲಿ ಆಡಿ ತೋರಿಸಿದರು. ಜುಡೋ ಕಟ್ಟಿದವರು ಜಪಾನಿನ ಜಿಗೊರೋ ಕಾನೋ, 1882ರಲ್ಲಿ. ಕರಾಟೆಯಲ್ಲಿ ಗುದ್ದು, ಒದೆತ. ಜುಡೋದಲ್ಲಿ ಹಿಡಿದೆತ್ತಿ ಒಗೆಯುವುದು. ಪಕ್ಕದ ಕೇರಳದ ಕಳರಿಪಯಟ್ಟಿನಲ್ಲಿ ಮೊದಲು ಮೈ ಪಳಗಬೇಕು. ಕೋಲು, ಕತ್ತಿ, ಗುರಾಣಿ ಆಮೇಲೆ.

ನಮ್ಮ ವಜ್ರಮುಷ್ಟಿಯಲ್ಲಿ ಗುದ್ದೂ ಉಂಟು, ಕುಸ್ತಿಯ ಪಟ್ಟೂ ಉಂಟು. ಆಡುವವರು ಜಟ್ಟಿಗಳು. ತಲೆ ಬೋಳಿಸಿ, ಕಚ್ಚೆ ಬಿಗಿದು, ಬಲಗೈ ಬೆರಳಿಗೆ ಮೊನೆಯುಳ್ಳ ಮುಷ್ಟಿ ತೊಟ್ಟು ಕಣಕ್ಕಿಳಿಯುತ್ತಾರೆ. ಎದುರಾಳಿಯ ತಲೆಯಲ್ಲಿ ಮೊದಲ ಹನಿ ನೆತ್ತರು ಕಂಡರೆ ಕಾಳಗ ಖತಂ. ಎಷ್ಟೋ ಸಲ ಒಂದು ನಿಮಿಷವೂ ಹಿಡಿಯುವುದಿಲ್ಲ.

ಇದು ನಿನ್ನೆ ಮೊನ್ನೆಯದಲ್ಲ. 12ನೇ ಶತಮಾನದ ಕಲ್ಯಾಣದ ದೊರೆ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಮಲ್ಲರ ಊಟ, ಸಾಮು, ಪಟ್ಟುಗಳನ್ನು ಬರೆದಿಟ್ಟಿದ್ದಾನೆ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಮಹಾನವಮಿಯಲ್ಲಿ ಮಲ್ಲರು ಮೊನೆ ಬಳೆ ಹಿಡಿದು ಹೊಡೆದಾಡುತ್ತಿದ್ದರು ಎಂದಿದ್ದಾನೆ. ಆ ಹಬ್ಬವನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು.

ಇನ್ನೊಂದು ಮಾತು. ತಲೆ ಒಡೆಯುವ ಈ ಕೈಯೇ ಮುರಿದ ಮೂಳೆಯನ್ನೂ ಕೂಡಿಸುತ್ತಿತ್ತು. ಜಟ್ಟಿಗಳು ಹೆಸರಾಂತ ನಾಟಿ ವೈದ್ಯರೂ ಹೌದು.

ಈಗ ಉಳಿದಿರುವುದೆಷ್ಟು? ವರ್ಷಕ್ಕೊಂದು ದಿನ, ವಿಜಯದಶಮಿ ಬೆಳಿಗ್ಗೆ, ಮೈಸೂರು ಅರಮನೆ ತೊಟ್ಟಿಯಲ್ಲಿ ಎರಡು ಜೋಡಿ. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರಿನ ಜಟ್ಟಿ ಮನೆಗಳಿಂದ ಬರುತ್ತಾರೆ. ರಾಜಾಶ್ರಯದ ಕಾಲ ಹೋಯಿತು. 1971ರಲ್ಲಿ ರಾಜಧನವೂ ರದ್ದಾಯಿತು. ಆದರೂ ಹೊಟ್ಟೆಪಾಡಿನ ಕೆಲಸ ಬೇರೆ ಇಟ್ಟುಕೊಂಡು, ದೇವಿ ಸೇವೆ ಎಂದು ನೆತ್ತರು ಕೊಡುತ್ತಾರೆ.

ಕರಾಟೆಗೆ ಬೆಲ್ಟಿದೆ, ಪರೀಕ್ಷೆಯಿದೆ, ಪದಕವಿದೆ. ವಜ್ರಮುಷ್ಟಿಗೆ ಇರುವುದು ಅಪ್ಪನಿಂದ ಮಗನಿಗೆ ಬಂದ ಗರಡಿ ಮಾತ್ರ. ಮಗ ಒಲ್ಲೆ ಅಂದರೆ ಅಲ್ಲಿಗೇ ಮುಗಿಯಿತು.

ದಸರಾಕ್ಕೆ ಬಸ್ಸೇರುವ ಜನ ಅಂಬಾರಿ ಆನೆ ನೋಡಲು ಬಿಸಿಲಲ್ಲಿ ಕಾಯುತ್ತಾರೆ. ಅಷ್ಟೊತ್ತಿಗೆ ಒಳಗೆ ಜಟ್ಟಿ ತಲೆಯ ನೆತ್ತರು ಒರೆಸಿಕೊಂಡು ಆಗಿರುತ್ತದೆ!