ಹೊಂಡದ ನೀರು ಎಲ್ಲಿಗೆ ಹೋಯಿತು?

ಕೃಷ್ಣೆಯೂ ಘಟಪ್ರಭೆಯೂ ಹರಿಯುವ ಸೀಮೆಯಲ್ಲಿ ನೀರಿಗೆ ಕೊರತೆಯೇ ಎಂದು ದೂರದ ವಾಚಕರು ಅಚ್ಚರಿಪಡಬಹುದು. ಜಮಖಂಡಿ, ರಬಕವಿ-ಬನಹಟ್ಟಿಗಳ ಹೊಳೆಸಾಲಿನಲ್ಲಿಯೂ ಮುಧೋಳದ ನದೀದಂಡೆಯಲ್ಲಿಯೂ ಕಬ್ಬು ಆಳೆತ್ತರಕ್ಕೆ ಬೆಳೆಯುವುದು ನಿಜ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು, 1989ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಸಂಗತಿ ನಾಡಿಗೆ ತಿಳಿದದ್ದೇ. ಆದರೆ ನೀರು ತಾನಾಗಿ ಏರನ್ನು ಹತ್ತಲಾರದಷ್ಟೆ! ಬೀಳಗಿಯ ಕಡೆಯ ಕೆಲವು ಎತ್ತರದ ಹೊಲಗಳಿಂದ ಆಲಮಟ್ಟಿಯ ಹಿನ್ನೀರು ಕಣ್ಣಿಗೆ ಕಾಣುತ್ತದೆ. ಬೆಳೆ ಮಾತ್ರ ಮುಗಿಲನ್ನೇ ನಂಬಿರುತ್ತದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರು. ಅದರಲ್ಲಿ ದೊಡ್ಡ ಪಾಲು ಸೆಪ್ಟೆಂಬರು, ಅಕ್ಟೋಬರುಗಳಲ್ಲಿ ಸುರಿದುಹೋಗುತ್ತದೆ. ಹಿಂಗಾರಿಯ ಬಿಳಿಜೋಳ ಹೊಡೆ ಹಾಯುವ ಹೊತ್ತಿಗೆ ಮುಗಿಲು ಬರಿದಾಗಿರುತ್ತದೆ.

ಇಂಥ ಏರಿನಲ್ಲಿ ನಮ್ಮದೊಂದು ಎಕರೆ ಹೊಲವಿದೆ. ಅಲ್ಲಿ ಸಲಕರಣೆಗಳಿಗಾಗಿ ಒಂದು ಪತ್ರಾಸಿನ ಶೆಡ್ಡನ್ನೂ, ಹರಿದುಹೋಗುವ ಮಳೆನೀರನ್ನು ಹಿಡಿಯಲು ಒಂದು ಕೃಷಿಹೊಂಡವನ್ನೂ ಮಾಡಿಕೊಂಡೆವು. ಮೊದಲ ವರ್ಷ ಹಸ್ತದ ಮಳೆಗೆ ಹೊಂಡ ತುಂಬಿತು. ಊರವರು ನೋಡಿ ಸಂತೋಷಪಟ್ಟರು. ಎರಡು ತಿಂಗಳು ಕಳೆದು, ಜೋಳಕ್ಕೆ ನೀರು ಬೇಕಾದಾಗ ನೋಡಿದರೆ ಹೊಂಡದ ನೀರು ಅರ್ಧದಷ್ಟು ಇಳಿದಿತ್ತು. ಹೊಲದ ಒಂದು ಮಗ್ಗುಲು ನೀರು ಕಾಣದೆ, ಅಲ್ಲಿಯ ತೆನೆಗಳಲ್ಲಿ ಕಾಳು ಜೊಳ್ಳಾಯಿತು.

"ಬಿಸಲು ಕುಡದೈತ್ರಿ ಮಾಸ್ತರ" ಎಂದರು ಪಕ್ಕದ ಹೊಲದ ಹಿರಿಯರೊಬ್ಬರು. "ಬಿಸಲಲ್ಲರಿ, ಭೂಮಿ ಕುಡದೈತಿ" ಎಂದರು ಮತ್ತೊಬ್ಬರು. ಭೌತಶಾಸ್ತ್ರ ಕಲಿಸುವ ನಾವು ಇಬ್ಬರಿಗೂ ಉತ್ತರ ಕೊಡಲಾರದೆ ನಿಂತೆವು. ಈ ವ್ಯಾಜ್ಯವನ್ನು ಕೊನೆಗೆ ತೀರಿಸಿದ್ದು ಒಂದು ಬಕೆಟ್ಟು.

ಹೊಂಡದ ಲೆಕ್ಕ

ಮೊದಲು ಹೊಂಡದಲ್ಲಿ ಎಷ್ಟು ನೀರು ಹಿಡಿಯುತ್ತದೆಂಬುದನ್ನು ನೋಡೋಣ. ನಮ್ಮ ಹೊಂಡದ ಬಾಯಿ 12 ಮೀಟರು ಉದ್ದ, 12 ಮೀಟರು ಅಗಲ; ಆಳ 3 ಮೀಟರು. ಮೂರನ್ನೂ ಗುಣಿಸಿ 432 ಘನಮೀಟರೆಂದು ಹೇಳಿದರೆ ತಪ್ಪಾಗುತ್ತದೆ. ಹೊಂಡದ ಗೋಡೆಗಳನ್ನು ನೆಟ್ಟಗೆ ಕಡಿದರೆ ಅವು ಕುಸಿಯುವುದರಿಂದ, 45 ಅಂಶದ ಇಳಿಜಾರು ಕೊಟ್ಟಿರುತ್ತಾರೆ. ಆದುದರಿಂದ ತಳ 6 ಮೀಟರು ಚೌಕ ಮಾತ್ರ. ಬಾಯಿಯ ಕ್ಷೇತ್ರಫಲ 144, ತಳದ್ದು 36, ನಟ್ಟನಡುವಿನದು 81 ಚದರಮೀಟರು. ಬಾಯಿ ಮತ್ತು ತಳದ ಕ್ಷೇತ್ರಫಲಗಳಿಗೆ ನಡುವಿನದರ ನಾಲ್ಕರಷ್ಟನ್ನು ಕೂಡಿಸಿ, ಆಳದಿಂದ ಗುಣಿಸಿ, ಆರರಿಂದ ಭಾಗಿಸಿದರೆ 252 ಘನಮೀಟರು, ಅಂದರೆ 2,52,000 ಲೀಟರು ಬರುತ್ತದೆ. ಒಂದು ಎಕರೆಯ ಮೇಲೆ ಇದನ್ನು ಸಮನಾಗಿ ಹರಡಿದರೆ 62 ಮಿಲಿಮೀಟರು ನೀರು ನಿಲ್ಲುವುದು. ಒಂದು ಒಳ್ಳೆಯ ಮಳೆಯನ್ನು ಬೇಕಾದ ದಿನಕ್ಕೆ ಕಾದಿರಿಸಿಕೊಂಡಂತೆ ಇದು.

ಬಕೆಟ್ಟಿನ ಸಾಕ್ಷಿ

ನೀರು ಹೊಂಡದಿಂದ ಎರಡು ದಾರಿಯಲ್ಲಿ ಹೋಗುತ್ತದೆ: ಮೇಲಕ್ಕೆ ಆವಿಯಾಗಿ, ಕೆಳಕ್ಕೆ ಇಂಗಿ. ಇವೆರಡನ್ನೂ ಬೇರ್ಪಡಿಸುವ ಬಗೆ ಸುಲಭ. ಬಕೆಟ್ಟಿಗೆ ನೀರು ಸೋರಿಹೋಗುವ ದಾರಿಯಿಲ್ಲ. ಅದರ ನೀರು ಆವಿಯಾಗಿ ಮಾತ್ರ ಕಡಿಮೆಯಾಗಬಲ್ಲದು. ಹೊಂಡದ ನೀರು ಎರಡು ಬಗೆಯಿಂದಲೂ ಕಡಿಮೆಯಾಗುತ್ತದೆ. ಎರಡರ ಇಳಿತದ ಅಂತರವೇ ಇಂಗಿದ ನೀರು.

ಮೊದಲ ದಿನ ಬಕೆಟ್ಟನ್ನು ದಂಡೆಯ ಮೇಲಿಟ್ಟು ನಾವು ಮೋಸಹೋದೆವು. ಬಿಸಿಲಿಗೆ ಬಕೆಟ್ಟಿನ ಮೈ ಕಾದು, ಒಳಗಿನ ನೀರೂ ಬಿಸಿಯಾಗಿ, ಆವಿಯಾಗುವ ವೇಗ ಹೆಚ್ಚಿತು. ಸಂಜೆಯ ಹೊತ್ತಿಗೆ ಒಂದು ನಾಯಿಯೂ ಬಂದು ತನ್ನ ಪಾಲನ್ನು ಕುಡಿದುಹೋಯಿತು! ಮರುದಿನ ಬಕೆಟ್ಟಿನಲ್ಲಿ ಕಲ್ಲು ಹಾಕಿ, ಅದನ್ನು ಹೊಂಡದ ಮೆಟ್ಟಿಲ ಮೇಲೆ, ನೀರಿನಲ್ಲಿ ಮುಳುಗಿಸಿ, ಅಂಚು ಮಾತ್ರ ಮೇಲಿರುವಂತೆ ನಿಲ್ಲಿಸಿದೆವು. ಒಳಗೂ ಹೊರಗೂ ನೀರಿನ ಮಟ್ಟ ಒಂದೇ ಆಗುವಷ್ಟು ನೀರು ತುಂಬಿ, ಎರಡು ಕಡೆಯೂ ಗುರುತು ಮಾಡಿದೆವು. ಹೀಗಿಟ್ಟರೆ ಎರಡೂ ನೀರುಗಳ ಉಷ್ಣತೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಪಂಪು ನಡೆಯದ, ಮಳೆ ಬೀಳದ ಮೂರು ದಿನ ಕಾದೆವು. ಒಂದು ದಿನದ ಇಳಿತ ಅಲ್ಪವಾದುದರಿಂದ ಅಳತೆಯ ತಪ್ಪು ದೊಡ್ಡದಾಗಿ ಕಾಣುತ್ತದೆ. ದಿನಗಳು ಹೆಚ್ಚಿದಷ್ಟೂ ಈ ದೋಷ ಕಿರಿದಾಗುತ್ತದೆ.

ಮೂರು ದಿನಗಳಲ್ಲಿ ಬಕೆಟ್ಟಿನ ನೀರು 15 ಮಿಲಿಮೀಟರು ಇಳಿದಿತ್ತು, ಹೊಂಡದ್ದು 45. ಅಂದರೆ ದಿನಕ್ಕೆ ಬಿಸಿಲು ಮತ್ತು ಗಾಳಿಯ ಪಾಲು 5, ಭೂಮಿಯ ಪಾಲು 10 ಮಿಲಿಮೀಟರು! ಇದೇ ವೇಗದಲ್ಲಿ 60 ದಿನ ನಡೆದರೆ ತುಂಬಿದ ಹೊಂಡದಿಂದ ಸುಮಾರು 1,11,000 ಲೀಟರು ಹೋಗುತ್ತದೆ. ಎಕರೆಗೆ ಉಳಿಯುವುದು 35 ಮಿಲಿಮೀಟರು ಮಾತ್ರ. ಇಂಗುವುದನ್ನು ತಡೆದರೆ ಹೋಗುವುದು 41,000 ಲೀಟರು. ಉಳಿಯುವುದು 52 ಮಿಲಿಮೀಟರು. ನಮ್ಮ ಜೋಳ ಜೊಳ್ಳಾದುದಕ್ಕೆ ಕಾರಣ ಈ ಅಂತರವೇ.

ಎರೆಮಣ್ಣು ನೀರನ್ನು ಹಿಡಿದಿಡುವುದಲ್ಲವೆ ಎಂದು ಕೇಳಬಹುದು. ನೆನೆದ ಎರೆ ಉಬ್ಬಿ ಸಂದುಗಳನ್ನು ಮುಚ್ಚುವುದು ದಿಟ. ಒಣಗಿದಾಗ ಅದೇ ಮಣ್ಣು ಕುಗ್ಗಿ ಬಿರುಕುಬಿಡುತ್ತದೆ. ಅಲ್ಲದೆ ನಮ್ಮ ಹೊಲದಲ್ಲಿ ಎರೆಯ ಪದರ ತೆಳುವು. ಅದರ ಕೆಳಗಿನ ಗರಸು ಜರಡಿಯಂತೆ ನೀರನ್ನು ಬಿಟ್ಟುಕೊಡುತ್ತದೆ. ಮರುವರ್ಷ ಹೊಂಡಕ್ಕೆ 500 ಮೈಕ್ರಾನು, ಅಂದರೆ ಅರ್ಧ ಮಿಲಿಮೀಟರು ದಪ್ಪದ ಪಾಲಿಥೀನ್ ಹಾಳೆಯನ್ನು ಹಾಸಿದೆವು. 2014ರಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಕೃಷಿಭಾಗ್ಯ ಯೋಜನೆಯಲ್ಲಿ ಹೊಂಡದೊಡನೆ ಇಂಥ ಹಾಳೆಯನ್ನೂ ಸೇರಿಸಿದ್ದು ಇದೇ ಕಾರಣದಿಂದ. ಹಾಸಿದ ಮೇಲೆ ಮತ್ತೆ ಬಕೆಟ್ಟನ್ನಿಟ್ಟೆವು. ಈ ಸಲ ಒಳಗಿನ ನೀರೂ ಹೊರಗಿನ ನೀರೂ ಜೊತೆಜೊತೆಯಾಗಿ ಇಳಿದುವು. ಹಾಳೆ ಎಲ್ಲಿಯೂ ತೂತಾಗಿಲ್ಲವೆಂಬುದಕ್ಕೆ ಇದಕ್ಕಿಂತ ಅಗ್ಗದ ಪರೀಕ್ಷೆಯಿಲ್ಲ.

ಶೆಡ್ಡು ಎಲ್ಲಿರಬೇಕು?

ಇನ್ನು ಉಳಿದುದು ಆವಿಯ ಪಾಲು. ಶೆಡ್ಡನ್ನು ಹೊಂಡದ ದಕ್ಷಿಣಕ್ಕೆ ಕಟ್ಟಿದರೆ ಅದರ ನೆರಳು ನೀರಿನ ಮೇಲೆ ಬೀಳಲಾರದೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಪ್ರಶ್ನೆ ಒಳ್ಳೆಯದೇ. ನಮ್ಮ ಸೀಮೆಯ ಅಕ್ಷಾಂಶ ಸುಮಾರು 16.5. ಡಿಸೆಂಬರು 21ರ ಮಧ್ಯಾಹ್ನ ಸೂರ್ಯನು ದಕ್ಷಿಣದಲ್ಲಿ ಸುಮಾರು 50 ಅಂಶ ಎತ್ತರದಲ್ಲಿರುತ್ತಾನೆ. ಆಗ 3 ಮೀಟರು ಎತ್ತರದ ಶೆಡ್ಡಿನ ನೆರಳು ಎರಡೂವರೆ ಮೀಟರು ಮಾತ್ರ. ಆದರೆ ದಂಡೆ ಕುಸಿಯದಂತೆ ಶೆಡ್ಡನ್ನು ಹೊಂಡದ ಆಳದಷ್ಟಾದರೂ ದೂರ, ಅಂದರೆ 3 ಮೀಟರಿಗೆ ಕಡಿಮೆಯಿಲ್ಲದಂತೆ ನಿಲ್ಲಿಸಬೇಕು. ಆದುದರಿಂದ ಮಧ್ಯಾಹ್ನದ ನೆರಳು ನೀರನ್ನು ಮುಟ್ಟುವುದೇ ಇಲ್ಲ! ನೆರಳು ಬೇಕಾದವರು ಹೊಂಡದ ಮೇಲೆ ನೆರಳುಬಲೆಯನ್ನು ಕಟ್ಟುವುದು ಲೇಸು. ಶೆಡ್ಡಿನ ಕಂಬಗಳನ್ನು ಉಬ್ಬಿ ಕುಗ್ಗುವ ಎರೆಯಲ್ಲಿ ನಿಲ್ಲಿಸದೆ, ಕೆಳಗಿನ ಗಟ್ಟಿ ಗರಸಿನವರೆಗೆ ಇಳಿಸತಕ್ಕದ್ದು.

ಶೆಡ್ಡಿನಿಂದ ಬೇರೊಂದು ಲಾಭವುಂಟು. ಒಂದು ಚದರಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರಾಗುತ್ತದೆ. 12 ಚದರಮೀಟರಿನ ಮಾಡಿನ ಮೇಲೆ ವರ್ಷಕ್ಕೆ 6,600 ಲೀಟರು ಬೀಳುತ್ತದೆ. ಹೊಂಡಕ್ಕೆ ಇದು ಅಲ್ಪ. ಒಂದು ಟಾಕಿಯಲ್ಲಿ ಹಿಡಿದಿಟ್ಟರೆ ದನಕರುಗಳಿಗೆ ಬೇಸಗೆಯಲ್ಲಿ ದೊಡ್ಡ ಆಸರೆ.

ಒಂದು ಎಚ್ಚರಿಕೆ

ಹಾಳೆ ಹಾಸಿದ ಹೊಂಡದಲ್ಲಿ ಒಂದು ಅಪಾಯವಿದೆ. 45 ಅಂಶದ ಇಳಿಜಾರಿನಲ್ಲಿ ಜಾರದೆ ನಿಲ್ಲಬೇಕಾದರೆ ಘರ್ಷಣಾಂಕ ಕಡಿಮೆಯೆಂದರೂ 1 ಇರಬೇಕೆಂಬುದನ್ನು ನೀವು ಪಾಠದಲ್ಲಿ ಓದಿದ್ದೀರಿ. ಪಾಚಿಗಟ್ಟಿದ ಒದ್ದೆ ಪಾಲಿಥೀನಿನ ಮೇಲೆ ಅದು ಬಹಳ ಕಡಿಮೆ. ಬಿದ್ದವರು ಈಜು ಬಲ್ಲವರಾದರೂ ಹತ್ತಿ ಬರಲಾರರು. ಮಕ್ಕಳ ಗತಿಯನ್ನು ಹೇಳಬೇಕಾದುದಿಲ್ಲ. ನಮ್ಮ ಮೆಟ್ಟಿಲ ಮೇಲೆ ಹಾಳೆಯ ಬದಲು ಸಿಮೆಂಟು ಗಿಲಾವು ಮಾಡಿಸಿದ್ದೇವೆ. ಹೊಂಡದ ಸುತ್ತ ಬೇಲಿ ಹಾಕಿದ್ದೇವೆ. ನಾಲ್ಕು ಮಗ್ಗುಲಲ್ಲೂ ಗಂಟು ಹಾಕಿದ ಹಗ್ಗಗಳನ್ನು ಗೂಟಗಳಿಗೆ ಬಿಗಿದು ನೀರಿನೊಳಗೆ ಇಳಿಬಿಟ್ಟಿದ್ದೇವೆ. ಹೊಂಡಕ್ಕೆ ನೀರು ಬರುವ ಮುಂಚೆಯೇ ಈ ಕೆಲಸಗಳು ಮುಗಿದಿರಬೇಕು.

ವಿದ್ಯಾರ್ಥಿಮಿತ್ರರೇ, ನಿಮ್ಮ ಊರಲ್ಲಿಯೂ ಇಂಥ ಹೊಂಡಗಳಿರಬಹುದು. ಮಳೆಯಿಲ್ಲದ ಮೂರು ದಿನ ನೋಡಿ, ಮನೆಯ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಒಂದು ಬಕೆಟ್ಟು, ಒಂದು ಅಳತೆಪಟ್ಟಿಯೊಡನೆ ಹೋಗಿರಿ. ಬಿಸಿಲು ಕುಡಿಯಿತೋ ಭೂಮಿ ಕುಡಿಯಿತೋ ಎಂಬುದನ್ನು ನೀವೇ ಅಳೆದು ಹೊಲದ ಒಡೆಯರಿಗೆ ತಿಳಿಸಿರಿ. ಹಾಳೆಗೆ ಹಣ ಹಾಕಬೇಕೋ ಬಲೆಗೆ ಹಾಕಬೇಕೋ ಎಂಬುದು ಅವರಿಗೆ ಅಷ್ಟರಿಂದಲೇ ಸ್ಪಷ್ಟವಾಗುವುದು.