ಅಂತ್ಯಕಾಲದ ಶುಶ್ರೂಷೆ

ಗುಣವಾಗದ ರೋಗಕ್ಕೂ ಶುಶ್ರೂಷೆಯುಂಟು. ರೋಗವನ್ನು ನೀಗಿಸಲಾರದೆಡೆಯಲ್ಲಿ ನೋವು, ಏದುಸಿರು, ವಾಕರಿಕೆ, ಭಯ ಇವುಗಳನ್ನು ತಗ್ಗಿಸುವ ವಿದ್ಯೆಗೆ ಉಪಶಾಮಕ ಚಿಕಿತ್ಸೆಯೆಂದು ಹೆಸರು. ದಾದಿಯಾಗಿದ್ದು ಬಳಿಕ ವೈದ್ಯೆಯಾದ ಸಿಸಿಲಿ ಸಾಂಡರ್ಸ್ ಎಂಬಾಕೆ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಶುಶ್ರೂಷಾಲಯವನ್ನು ತೆರೆದ ಮೇಲೆ ಇದು ಶಾಸ್ತ್ರರೂಪವನ್ನು ತಳೆಯಿತು. ಖ್ವಾಜಾ ಬಂದೇ ನವಾಜರ ದರ್ಗಾ ಇರುವ ಕಲಬುರಗಿಯಲ್ಲಾಗಲಿ, ಅಲ್ಲಿಯ ಕುಸನೂರಿನಲ್ಲಾಗಲಿ ಮುಸಲ್ಮಾನ ರೋಗಿಯ ಬಳಿ ಕೂರುವ ದಾದಿಗೆ ಔಷಧದ ತಿಳಿವಳಿಕೆಯೊಂದೇ ಸಾಲದು.

ಮೊದಲ ತೊಡಕು ಮಾರ್ಫಿನ್ನಿನದು. ಅಫೀಮಿನಿಂದ ತೆಗೆದ ಈ ಸತ್ತ್ವ ಅಮಲು ಪದಾರ್ಥವಲ್ಲವೇ ಎಂದು ಮನೆಯ ಹಿರಿಯರು ಹಿಂಜರಿಯುವುದುಂಟು. ಆದರೆ ಅನಿವಾರ್ಯವಾದಾಗ ನಿಷಿದ್ಧವೂ ಅನುಮತವಾಗುವುದೆಂಬುದು ಇಸ್ಲಾಮೀ ಧರ್ಮಶಾಸ್ತ್ರದ ಪ್ರಸಿದ್ಧ ಸೂತ್ರ. ನೋವಿನ ಶಮನಕ್ಕಾಗಿ ಇದನ್ನು ವಿದ್ವಾಂಸರು ಒಪ್ಪುತ್ತಾರೆ. ಮರಣವನ್ನು ತ್ವರೆಗೊಳಿಸಲು ಒಪ್ಪರು. ಮಾರ್ಫಿನ್ ಮಿದುಳು ಮತ್ತು ಬೆನ್ನುಹುರಿಗಳ ಗ್ರಾಹಕಗಳಿಗೆ ಅಂಟಿಕೊಂಡು ನೋವಿನ ಸಂದೇಶವನ್ನು ಕುಂದಿಸುತ್ತದೆ. ಸಾಧಾರಣ ಗುಳಿಗೆಯ ಪ್ರಭಾವ ಸುಮಾರು 4 ಗಂಟೆ. ಆದುದರಿಂದ ನೋವು ಮರುಕಳಿಸುವವರೆಗೆ ಕಾಯದೆ ಹೊತ್ತುಹೊತ್ತಿಗೆ ಕೊಡಬೇಕು. ಮಲಬದ್ಧತೆ ಬಹುಮಟ್ಟಿಗೆ ತಪ್ಪದು, ವಿರೇಚಕವೂ ಜೊತೆಗಿರಲಿ. ನಮ್ಮ ದೇಶದಲ್ಲಿ ಧರ್ಮಕ್ಕಿಂತ ಹೆಚ್ಚಾಗಿ ಇದಕ್ಕೆ ಅಡ್ಡಬಂದುದು 1985ರ ಮಾದಕದ್ರವ್ಯ ಕಾಯಿದೆಯ ಬಿಗಿಯೇ ಎನ್ನಬೇಕು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು.

ಇನ್ನು ಹಾಸಿಗೆಯ ದಿಕ್ಕು. ಸಾಯುವಾತನ ಮುಖ ಮಕ್ಕೆಯ ಕಡೆಗಿರಬೇಕೆಂಬುದು ಸಂಪ್ರದಾಯ. ಕಲಬುರಗಿಯಿಂದ ಮಕ್ಕೆ ಇರುವುದು ನೇರ ಪಶ್ಚಿಮಕ್ಕಲ್ಲ, ಅದಕ್ಕಿಂತ ಸುಮಾರು 13 ಡಿಗ್ರಿ ಉತ್ತರಕ್ಕೆ. ಬಲಮಗ್ಗುಲಾಗಿ ಮಲಗಿ ಅತ್ತ ನೋಡಬೇಕಾದರೆ ತಲೆ ಉತ್ತರಕ್ಕೆ ಬರುತ್ತದೆ. ಉತ್ತರಕ್ಕೆ ತಲೆಯಿಡಬಾರದೆಂದು ಹಿಂದೂ ಮನೆಗಳಲ್ಲಿ ಎಳೆಯ ಮಕ್ಕಳಿಗೂ ಹೇಳುತ್ತಾರೆ! ಒಂದೇ ವಾರ್ಡಿನಲ್ಲಿ ಇಬ್ಬರಿಗೂ ಮಂಚ ಹಾಕುವ ದಾದಿಯ ಪಾಡನ್ನು ವಾಚಕರೇ ಊಹಿಸಿಕೊಳ್ಳಲಿ. ಇನ್ನೊಂದು ಕ್ರಮವೂ ಉಂಟು: ಅಂಗಾತ ಮಲಗಿಸಿ, ಪಾದಗಳನ್ನು ಮಕ್ಕೆಯ ಕಡೆಗಿರಿಸಿ, ದಿಂಬಿನಿಂದ ತಲೆ ಮತ್ತು ಬೆನ್ನನ್ನು ಎತ್ತರಿಸುವುದು. ಏದುಸಿರಿಗೆ ವೈದ್ಯರು ಹೇಳುವ ಭಂಗಿಯೂ ಬಹುಮಟ್ಟಿಗೆ ಇದೇ. ಒರಗಿ ಕುಳಿತಾಗ ವಪೆಯ ಮೇಲೆ ಹೊಟ್ಟೆಯ ಭಾರ ಕಡಿಮೆಯಾಗಿ ಉಸಿರು ಸರಾಗವಾಗುತ್ತದೆ.

ನೀರು ತಾಗಿದರೆ ಅಪಾಯವಾಗುವ ರೋಗಿ ನಮಾಜಿಗೆ ಮುನ್ನ ಶುದ್ಧವಾದ ಮಣ್ಣಿನಿಂದ 'ತಯಮ್ಮುಮ್' ಮಾಡಬಹುದು. ಏಳಲಾರದವನು ಮಲಗಿದ್ದಲ್ಲೇ ಸನ್ನೆಯಿಂದ ಪ್ರಾರ್ಥಿಸಬಹುದು. ರಂಜಾನಿನ ಉಪವಾಸದಿಂದಲೂ ರೋಗಿಗೆ ವಿನಾಯಿತಿಯುಂಟು. ಹೆಂಗಸರಿಗೆ ಹೆಂಗಸರೇ ಮೈ ತೊಳೆಯುವುದು ಲೇಸು.

ಕೊನೆಯ ಗಳಿಗೆಗಳಲ್ಲಿ ಬಂಧುಗಳು ಜಂಜಂ ಬಾವಿಯ ನೀರನ್ನು ಬಾಯಿಗೆ ಹಾಕಬಯಸುತ್ತಾರೆ. ನುಂಗುವ ಶಕ್ತಿ ಉಡುಗಿದಾಗ ಚಮಚದ ನೀರು ಶ್ವಾಸನಾಳಕ್ಕೆ ಇಳಿದೀತು. ಬೇಡವೆಂದು ಗದರಬೇಕಾಗಿಲ್ಲ, ಹತ್ತಿಯನ್ನು ಅದೇ ನೀರಿನಲ್ಲಿ ಅದ್ದಿ, ಹಿಂಡಿ, ತುಟಿಗಳನ್ನು ಒದ್ದೆಮಾಡುವುದನ್ನು ಮಗಳಿಗೋ ಸೊಸೆಗೋ ತೋರಿಸಿಕೊಟ್ಟರಾಯಿತು.