ಕಿಯಾಂಟಿ: ನಿಯಮ ಕೆಡಿಸಿದ ವೈನ್, ಊಟ ಬಲ್ಲ ವೈನ್

ಇಟಲಿಯ ಕೆಂಪು ವೈನ್ ಎಂದೊಡನೆ ಬಹುಮಂದಿಗೆ ನೆನಪಾಗುವ ಹೆಸರು ಕಿಯಾಂಟಿ. ಟಸ್ಕನಿ ಪ್ರಾಂತ್ಯದ ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಣ ಗುಡ್ಡಗಾಡು ಇದರ ತವರು. ಸಾಂಪ್ರದಾಯಿಕವಾಗಿ ಇದು ಹಲವು ದ್ರಾಕ್ಷಿ ತಳಿಗಳ ಮಿಶ್ರಣ. ಆ ಮಿಶ್ರಣದಲ್ಲಿ ಯಾವುದಿರಬೇಕು, ಯಾವುದಿರಬಾರದು ಎಂಬ ಪ್ರಶ್ನೆಯೇ ಈ ವೈನಿನ ಮಾನವನ್ನು ಒಮ್ಮೆ ಕಳೆಯಿತು, ಮತ್ತೊಮ್ಮೆ ಗಳಿಸಿಕೊಟ್ಟಿತು.

ಬ್ಯಾರನ್ ಹಾಕಿಕೊಟ್ಟ ಸೂತ್ರ

1716ರಲ್ಲಿ ಟಸ್ಕನಿಯ ದೊರೆ ಮೂರನೆಯ ಕೊಸಿಮೊ ದೆ ಮೆಡಿಚಿ ಆಜ್ಞೆ ಹೊರಡಿಸಿ ಕಿಯಾಂಟಿ ಸೀಮೆಯ ಎಲ್ಲೆಯನ್ನು ಗೊತ್ತುಪಡಿಸಿದನು. ಮಿಶ್ರಣದ ಸೂತ್ರವನ್ನು ರೂಪಿಸಿದವನು ಬ್ರೋಲಿಯೊ ಕೋಟೆಯ ಒಡೆಯ, ಇಟಲಿಯ ಪ್ರಧಾನಿಯೂ ಆಗಿದ್ದ ಬ್ಯಾರನ್ ಬೆಟ್ಟಿನೊ ರಿಕಾಸೊಲಿ. 1872ರ ಪತ್ರವೊಂದರಲ್ಲಿ ಆತ ತನ್ನ ಪ್ರಯೋಗಗಳ ಸಾರವನ್ನು ತಿಳಿಸಿದ್ದಾನೆ. ಪರಿಮಳಕ್ಕೂ ಕಸುವಿಗೂ ಸಾಂಜೊವೇಸೆ. ಅದರ ಗಡಸುತನವನ್ನು ತಗ್ಗಿಸಲು ಕನಾಯೊಲೊ. ಹಗುರವಾಗಿಸಲು ಬಿಳಿ ದ್ರಾಕ್ಷಿಯಾದ ಮಾಲ್ವಸಿಯಾ. ಆದರೆ ಬಹುಕಾಲ ಇಟ್ಟು ಮಾಗಿಸುವ ವೈನಿಗೆ ಮಾಲ್ವಸಿಯಾ ಬೇಡ ಎಂಬ ಎಚ್ಚರಿಕೆಯೂ ಅದರಲ್ಲಿತ್ತು.

ಎಚ್ಚರಿಕೆ ಮರೆತ ನಿಯಮ

1967ರ ಸರ್ಕಾರಿ ನಿಯಮಾವಳಿ ಈ ಎಚ್ಚರಿಕೆಯನ್ನು ಬದಿಗಿಟ್ಟಿತು. ಶೇ. 10ರಿಂದ 30ರಷ್ಟು ಬಿಳಿ ದ್ರಾಕ್ಷಿ ಕಡ್ಡಾಯವಾಯಿತು. ಪರಿಣಾಮವಾಗಿ ವೈನ್ ತೆಳುವಾಯಿತು. ಹುಲ್ಲು ಹೆಣೆದ ಹೊಟ್ಟೆಬುರುಕ ಬಾಟಲಿಯಲ್ಲಿ ಸಿಗುವ ಅಗ್ಗದ ಪಾನೀಯವೆಂಬ ಹೆಸರು ಅಂಟಿಕೊಂಡಿತು.

ಇದಕ್ಕೆ ಒಪ್ಪದ ಆಂಟಿನೋರಿ ಮನೆತನ 1971ರ ಫಸಲಿನಿಂದ ತನ್ನ 'ತಿನ್ಯಾನೆಲ್ಲೊ' ವೈನಿಗೆ ಕಿಯಾಂಟಿ ಎಂಬ ಹೆಸರನ್ನೇ ಬಿಟ್ಟುಕೊಟ್ಟಿತು. 1975ರ ಹೊತ್ತಿಗೆ ಅದರಲ್ಲಿ ಬಿಳಿ ದ್ರಾಕ್ಷಿ ಉಳಿದಿರಲಿಲ್ಲ. ಸಾಂಜೊವೇಸೆಗೆ ಕ್ಯಾಬರ್ನೆ ಜೊತೆಯಾಗಿತ್ತು. ಕಾನೂನಿನ ಲೆಕ್ಕದಲ್ಲಿ ಅದು ಕೆಳದರ್ಜೆಯ 'ಮೇಜಿನ ವೈನ್'. ಮಾರುಕಟ್ಟೆಯಲ್ಲಿ ಮಾತ್ರ ದುಬಾರಿ. ಕೊನೆಗೆ ನಿಯಮವೇ ಬಾಗಬೇಕಾಯಿತು. 1984ರಲ್ಲಿ ಬಿಳಿ ದ್ರಾಕ್ಷಿಯ ಪ್ರಮಾಣ ತಗ್ಗಿತು. ಮೂಲ ಸೀಮೆಯ 'ಕಿಯಾಂಟಿ ಕ್ಲಾಸಿಕೊ'ದಲ್ಲಿ 2006ರ ಫಸಲಿನಿಂದ ಅದು ಪೂರ್ಣ ನಿಷಿದ್ಧವಾಯಿತು. ಈಗ ಕ್ಲಾಸಿಕೊದಲ್ಲಿ ಕನಿಷ್ಠ ಶೇ. 80, ಸಾಧಾರಣ ಕಿಯಾಂಟಿಯಲ್ಲಿ ಶೇ. 70ರಷ್ಟು ಸಾಂಜೊವೇಸೆ ಇರಲೇಬೇಕು. ಬಾಟಲಿಯ ಮೇಲಿನ ಕಪ್ಪು ಹುಂಜದ ಮುದ್ರೆ ಕ್ಲಾಸಿಕೊದ ಗುರುತು.

ಊಟದೊಡನೆ ಹೊಂದಾಣಿಕೆ

ಸಾಂಜೊವೇಸೆಯ ಮುಖ್ಯ ಗುಣಗಳು ಎರಡು: ಹುಳಿ ಮತ್ತು ಒಗರು. ಟೊಮೆಟೊ ಹುಳಿಯ ಎದುರು ಮೃದುವಾದ ವೈನ್ ಸಪ್ಪೆಯೆನಿಸುತ್ತದೆ. ಹುಳಿಯುಳ್ಳ ಕಿಯಾಂಟಿ ಸರಿಸಮನಾಗಿ ನಿಲ್ಲುತ್ತದೆ. ಆದ್ದರಿಂದಲೇ ಟೊಮೆಟೊ ಗೊಜ್ಜು ಬೆರೆಸಿದ ಪಾಸ್ತಾ ಹಾಗೂ ಪಿಜ್ಜಾಕ್ಕೆ ಇದು ಒಳ್ಳೆಯ ಜೊತೆ. ಒಗರಿನ ಕೆಲಸ ಬೇರೆ. ಮಾಂಸದ ಪ್ರೋಟೀನು ಮತ್ತು ಕೊಬ್ಬಿನೊಡನೆ ಬೆರೆತಾಗ ಅದರ ಬಿರುಸು ಇಳಿಯುತ್ತದೆ, ನಾಲಿಗೆಯೂ ಮುಂದಿನ ತುತ್ತಿಗೆ ಸಿದ್ಧವಾಗುತ್ತದೆ. ಕೆಂಡದ ಮೇಲೆ ಸುಟ್ಟ ದಪ್ಪನೆಯ ದನದ ಮಾಂಸದ ತುಂಡು, ಅಂದರೆ ಫ್ಲಾರೆನ್ಸಿನ 'ಬಿಸ್ಟೆಕ್ಕಾ', ಇದಕ್ಕೆ ಪ್ರಸಿದ್ಧ ಜೋಡಿ.

ಸಸ್ಯಾಹಾರಿಗಳಿಗೂ ಟಸ್ಕನಿಯ ಅಡುಗೆಮನೆಯಲ್ಲಿ ದಾರಿಯುಂಟು. ಹುರುಳಿಕಾಯಿಯ ಬಿಳಿ ಬೀಜ, ಕರಿಎಲೆಕೋಸು, ಹಳೆಯ ಬ್ರೆಡ್ಡು ಹಾಕಿ ಕುದಿಸುವ 'ರಿಬೊಲ್ಲೀತಾ', ಕುರಿಹಾಲಿನ ಪೆಕೊರೀನೊ ಚೀಸ್ ಇವೆಲ್ಲ ಕಿಯಾಂಟಿಗೆ ಒಗ್ಗುತ್ತವೆ. ಖಾರದ ಅಡುಗೆಯೊಡನೆ ಮಾತ್ರ ಎಚ್ಚರ ಅಗತ್ಯ: ಒಗರೂ ಮದ್ಯಸಾರವೂ ಮೆಣಸಿನ ಉರಿಯನ್ನು ಹೆಚ್ಚಿಸುತ್ತವೆ. ಸಿಹಿತಿನಿಸಿನೊಡನೆ ಈ ವೈನ್ ಕಹಿಯೆನಿಸುತ್ತದೆ.

ಬಡಿಸುವಾಗ 16ರಿಂದ 18 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಿತಕರ. ಬೇಸಿಗೆಯ ಕೋಣೆಯ ಬಿಸಿಗೆ ಬಿಟ್ಟರೆ ಮದ್ಯಸಾರವೇ ಮುಂದಾಗಿ ಹಣ್ಣಿನ ರುಚಿ ಮರೆಯಾಗುತ್ತದೆ.